ಕೆಂಪು ಕಲ್ಲಿನ ನಾಡಿಗೆ ಹೆಣಿಗೆಯ ಚೀಲ

ಅಮೆರಿಕದ ಯೂಟಾ, ಅರಿಜೋನಾ, ಕೊಲೊರಾಡೊ ಮತ್ತು ನ್ಯೂ ಮೆಕ್ಸಿಕೊ ರಾಜ್ಯಗಳು ಒಂದೇ ಬಿಂದುವಿನಲ್ಲಿ ಕೂಡುವ ಸೀಮೆಯ ಸುತ್ತ ಹರಡಿಕೊಂಡಿರುವ ಕೊಲೊರಾಡೊ ಪ್ರಸ್ಥಭೂಮಿಯ ಬಹುಭಾಗ ಮಳೆಯ ಲೆಕ್ಕದಲ್ಲಿ ಮರುಭೂಮಿ ಅಥವಾ ಅರೆ ಮರುಭೂಮಿಯೇ ಆಗಿದ್ದರೂ, ಅಲ್ಲಿನ ಚಳಿಯನ್ನೂ ಅಲ್ಲಿನ ಜನರ ಬದುಕನ್ನೂ ನೋಡಿದವರಿಗೆ ಅದು ಉಣ್ಣೆಯ ನಾಡು ಎಂಬುದು ಬಹುಬೇಗ ತಿಳಿಯುತ್ತದೆ. ವರ್ಷಕ್ಕೆ 25 ಸೆಂಟಿಮೀಟರಿಗಿಂತ ಕಡಿಮೆ ಮಳೆ ಬೀಳುವ ಪ್ರದೇಶವನ್ನು ಮರುಭೂಮಿ ಎಂದು ಗುರುತಿಸುವುದು ವಾಡಿಕೆಯಾಗಿದ್ದು, ಆರ್ಚಸ್ ರಾಷ್ಟ್ರೀಯ ಉದ್ಯಾನಕ್ಕೆ ಹೋಗುವವರು ಸಾಮಾನ್ಯವಾಗಿ ತಂಗುವ ಮೋಆಬ್ ಪಟ್ಟಣ ಈ ಅಳತೆಯೊಳಗೇ ಬರುತ್ತದೆ. ಆದರೆ ಪ್ರಸ್ಥಭೂಮಿಯ ಬಹುಪಾಲು ನೆಲ ಸಮುದ್ರಮಟ್ಟದಿಂದ 1,500 ಮೀಟರಿಗೂ ಮೇಲಿದೆ. ಗ್ರ್ಯಾಂಡ್ ಕ್ಯಾನ್ಯನ್ನಿನ ದಕ್ಷಿಣದ ಅಂಚು ಸುಮಾರು 2,100 ಮೀಟರ್ ಎತ್ತರದಲ್ಲಿದೆ. ನೀರಾವಿಯೂ ಮೋಡವೂ ಇಲ್ಲದ ಆಕಾಶವು ನೆಲದ ಶಾಖವನ್ನು ತಡೆದಿಟ್ಟುಕೊಳ್ಳಲಾರದ ಕಾರಣ, ಹಗಲು ಎಷ್ಟೇ ಕಾದಿದ್ದರೂ ಸೂರ್ಯ ಇಳಿದ ಕೂಡಲೇ ಚಳಿ ಏರುತ್ತದೆ. ಬೇಸಿಗೆಯಲ್ಲಿ ಕಣಿವೆಯ ತಳದಲ್ಲಿ ಬಿಸಿಲು 40 ಡಿಗ್ರಿ ಸೆಲ್ಸಿಯಸ್ ದಾಟಿದ ದಿನವೂ ಅಂಚಿನ ಮೇಲೆ ನಿಂತವರಿಗೆ ರಾತ್ರಿ ಹೊದೆಯಲು ಏನಾದರೂ ಬೇಕೆನಿಸುತ್ತದೆ.

ಇಂಥ ನಾಡಿಗೆ ಪ್ರವಾಸ ಹೊರಡುವ ಹೆಣಿಗೆಗಾರರು, ಅಂದರೆ ಕಡ್ಡಿಗಳಿಂದ ಉಣ್ಣೆ ಅಥವಾ ಹತ್ತಿಯ ನೂಲನ್ನು ಕುಣಿಕೆಗಳಾಗಿ ಹೆಣೆದು ಬಟ್ಟೆ ಮಾಡುವವರು, ತಮ್ಮ ಕೆಲಸವನ್ನೂ ಜೊತೆಗೆ ಒಯ್ಯುವುದು ಸಾಮಾನ್ಯ. ಮಕ್ಕಳನ್ನು ನೋಡಲು ಅಮೆರಿಕಕ್ಕೆ ಹೋಗಿ ರಜೆಯ ದಿನಗಳಲ್ಲಿ ಅವರ ಕಾರಿನಲ್ಲಿ ಈ ಉದ್ಯಾನಗಳನ್ನು ಸುತ್ತುವ ಕನ್ನಡದ ಅಜ್ಜಿಯರಲ್ಲೂ ಮೊಮ್ಮಗುವಿನ ಟೊಪ್ಪಿಗೆಯನ್ನೋ ಸ್ವೆಟರನ್ನೋ ಹೆಣೆಯುತ್ತ ಕುಳಿತವರು ಇರುತ್ತಾರೆ. ಇಷ್ಟು ದೂರ ಬಂದು ನೋಟವನ್ನು ಬಿಟ್ಟು ಕೈಕೆಲಸದಲ್ಲಿ ಮುಳುಗುವುದೇಕೆ ಎಂದು ಜೊತೆಯವರು ಆಕ್ಷೇಪಿಸುವುದುಂಟು. ಈ ಆಕ್ಷೇಪ ಪೂರ್ತಿ ಸರಿಯಲ್ಲ. ತಕ್ಕ ಕೆಲಸವನ್ನು ಆರಿಸಿಕೊಂಡರೆ ಹೆಣಿಗೆ ಕಣ್ಣನ್ನು ಕಟ್ಟಿಹಾಕುವುದಿಲ್ಲ. ಫೋಟೋ ತೆಗೆದು ಮುಂದಿನ ತಾಣಕ್ಕೆ ಓಡುವ ಆತುರವನ್ನು ತಗ್ಗಿಸಿ, ಒಂದೇ ಬಂಡೆಯ ಎದುರು ಒಂದು ಗಂಟೆ ಕೂರುವುದಕ್ಕೆ ಕಾರಣವನ್ನೂ ತಾಳ್ಮೆಯನ್ನೂ ಒದಗಿಸುತ್ತದೆ. ಆದ್ದರಿಂದ ಯಾವ ಕೆಲಸವನ್ನು ಒಯ್ಯಬೇಕೆಂಬುದನ್ನು ನಿರ್ಧರಿಸುವಾಗ ಹೆಣೆಯುವವರ ಇಷ್ಟದಷ್ಟೇ ಆ ನೆಲದ ಗುಣವನ್ನೂ ಗಮನಿಸಬೇಕಾಗುತ್ತದೆ.

ಅಲ್ಲಿ ಒಂದು ತಾಣಕ್ಕೂ ಇನ್ನೊಂದಕ್ಕೂ ನಡುವಿನ ದಾರಿ ಉದ್ದ. ಮೋಆಬ್‌ನಿಂದ ಮಾನ್ಯುಮೆಂಟ್ ವ್ಯಾಲಿಗೆ ಹೋಗುವುದೆಂದರೆ ಸುಮಾರು 240 ಕಿಲೋಮೀಟರ್. ಕಾರಿನಲ್ಲಿ ತಲೆ ಬಗ್ಗಿಸಿ ಮಾದರಿಯ ಹಾಳೆಯನ್ನು ನೋಡುತ್ತ ಹೆಣೆದರೆ ಅನೇಕರಿಗೆ ತಲೆ ಸುತ್ತುವುದರಿಂದ, ಪ್ರತಿ ಸಾಲಿನಲ್ಲೂ ಎಣಿಕೆ ಬದಲಾಗುವ ಜಾಲರಿ ಕೆಲಸವಾಗಲಿ ನಾಲ್ಕೈದು ಬಣ್ಣದ ಚಿತ್ತಾರವಾಗಲಿ ಈ ದಾರಿಗೆ ಹೇಳಿಸಿದ್ದಲ್ಲ. ಅನುಭವಸ್ಥರು ಹೆಚ್ಚಾಗಿ ಆರಿಸಿಕೊಳ್ಳುವುದು ಕಾಲುಚೀಲವನ್ನು. ಒಂದು ಜೊತೆಗೆ ಬೇಕಾಗುವುದು ಸುಮಾರು 400 ಮೀಟರ್ ಉದ್ದದ, 100 ಗ್ರಾಂ ತೂಕದ ಒಂದೇ ಉಂಡೆ ನೂಲು. ವಯಸ್ಕರ ಕಾಲಿಗೆ ಅರವತ್ತರ ಆಸುಪಾಸಿನ ಕುಣಿಕೆಗಳನ್ನು ಎತ್ತಿಕೊಂಡು, ಅಂಚಿನಿಂದ ಹಿಮ್ಮಡಿಯ ತನಕ ಸುತ್ತುಸುತ್ತಾಗಿ ಒಂದೇ ರೀತಿ ಹೆಣೆಯುತ್ತ ಹೋಗಬಹುದಾದ್ದರಿಂದ, ಕೈ ಪಳಗಿದವರಿಗೆ ಕೆಲಸವನ್ನು ನೋಡುತ್ತಿರಬೇಕಾದ ಅಗತ್ಯವೇ ಬೀಳುವುದಿಲ್ಲ. ಹಿಮ್ಮಡಿಯನ್ನು ತಿರುಗಿಸುವ ಭಾಗಕ್ಕೆ ಮಾತ್ರ ಎಚ್ಚರ ಬೇಕು, ಅದನ್ನು ತಂಗುವ ಕೋಣೆಯಲ್ಲಿ ಮಾಡಿಕೊಂಡರಾಯಿತು. ಬಿಡಿ ಕಡ್ಡಿಗಳ ಬದಲು ಎರಡು ಗಿಡ್ಡ ಕಡ್ಡಿಗಳನ್ನು ಬಾಗುವ ತಂತಿಯಿಂದ ಜೋಡಿಸಿದ ವರ್ತುಲ ಕಡ್ಡಿಯನ್ನು ಬಳಸುವುದು ಲೇಸು. ಬಂಡೆಯ ಮೇಲಿಂದ ಜಾರಿ ಕಣಿವೆಗೆ ಬೀಳುವುದಕ್ಕೆ ಅಲ್ಲಿ ಬಿಡಿ ಕಡ್ಡಿಯೇ ಇರುವುದಿಲ್ಲ. ವಿಮಾನದ ಮಟ್ಟಿಗೆ ಹೇಳುವುದಾದರೆ, ಅಮೆರಿಕದ ಸಾರಿಗೆ ಭದ್ರತಾ ಆಡಳಿತವು ಹೆಣಿಗೆಯ ಕಡ್ಡಿಗಳನ್ನು ಕೈಚೀಲದಲ್ಲಿ ಒಯ್ಯಲು ಬಿಡುತ್ತದೆ, ಆದರೆ ಬ್ಲೇಡು ಅಡಗಿರುವ ನೂಲು ಕತ್ತರಿಸುವ ಬಿಲ್ಲೆಗಳಿಗೆ ಅನುಮತಿಯಿಲ್ಲ. ಬೇರೆ ದೇಶಗಳಲ್ಲಿ ನಿಯಮ ಬೇರೆಯಾಗಿರಬಹುದಾದ್ದರಿಂದ ಹೊರಡುವ ಮುನ್ನ ವಿಚಾರಿಸಿಕೊಳ್ಳುವುದು ಅಗತ್ಯ.

ಕಾಲುಚೀಲಕ್ಕೂ ಮರುಭೂಮಿಗೂ ಇರುವ ನಂಟು ಬಹಳ ಹಳೆಯದು. ಉಣ್ಣೆ, ಹತ್ತಿಗಳನ್ನು ಕೊಳೆಯಿಸುವ ಸೂಕ್ಷ್ಮಜೀವಿಗಳಿಗೆ ತೇವ ಬೇಕು. ತೇವವಿಲ್ಲದ ಮಣ್ಣಿನಲ್ಲಿ ಬಟ್ಟೆ ಸಾವಿರ ವರ್ಷವೂ ಉಳಿಯಬಲ್ಲದು. ಈಜಿಪ್ಟಿನ ಆಕ್ಸಿರಿಂಕಸ್ ಎಂಬಲ್ಲಿ ದೊರೆತು ಈಗ ಲಂಡನ್ನಿನ ವಿಕ್ಟೋರಿಯಾ ಆ್ಯಂಡ್ ಆಲ್ಬರ್ಟ್ ಮ್ಯೂಸಿಯಮ್ಮಿನಲ್ಲಿರುವ ಕೆಂಪು ಉಣ್ಣೆಯ ಕಾಲುಚೀಲಗಳು ಕ್ರಿ.ಶ. 3ರಿಂದ 5ನೇ ಶತಮಾನದ ನಡುವಿನವು. ಚಪ್ಪಲಿಯ ಪಟ್ಟಿ ಕೂರುವಂತೆ ಹೆಬ್ಬೆರಳಿಗೆ ಅವುಗಳಲ್ಲಿ ಬೇರೆ ಜಾಗ ಬಿಟ್ಟಿದ್ದಾರೆ. ಅವುಗಳನ್ನು ಮಾಡಿರುವುದು ಕಣ್ಣುಳ್ಳ ಒಂದೇ ಸೂಜಿಯಿಂದ ತುಂಡು ನೂಲನ್ನು ಕುಣಿಕೆಯೊಳಗೆ ಪೂರ್ತಿ ತೂರಿಸುತ್ತ ಹೋಗುವ, ಹೆಣಿಗೆಗಿಂತ ಹಿಂದಿನ ವಿಧಾನದಲ್ಲಿ. ಎರಡು ಅಥವಾ ಹೆಚ್ಚು ಕಡ್ಡಿಗಳ ನಿಜವಾದ ಹೆಣಿಗೆಯ ಅತ್ಯಂತ ಹಳೆಯ ಮಾದರಿಗಳೆಂದು ವಿದ್ವಾಂಸರು ತೋರಿಸುವವುಗಳೂ ಮಧ್ಯಯುಗದ ಈಜಿಪ್ಟಿನವೇ ಆಗಿದ್ದು, ನೀಲಿ ಮತ್ತು ಬಿಳಿಯ ಹತ್ತಿನೂಲಿನಲ್ಲಿ ಸೊಗಸಾದ ಪಟ್ಟಿಗಳನ್ನು ಮೂಡಿಸಿದ ಕಾಲುಚೀಲಗಳು ಅವುಗಳಲ್ಲಿ ಸೇರಿವೆ. ಒದ್ದೆ ನೆಲದ ಊರುಗಳಲ್ಲೂ ಜನ ಹೆಣೆದಿದ್ದಿರಬಹುದು. ಆದರೆ ಈ ಕಸುಬಿನ ಮೊದಲ ಅಧ್ಯಾಯ ಇಂದು ಓದಲು ಸಿಕ್ಕಿರುವುದು ಮರಳಿನ ಒಣತನದಿಂದ.

ಅದೇ ಒಣತನ ಹೆಣೆಯುವ ಕೈಗೆ ಮಾತ್ರ ಕೊಂಚ ತೊಂದರೆ ಕೊಡುತ್ತದೆ. ಉಣ್ಣೆಯ ಎಳೆ ಗಾಳಿಯ ತೇವವನ್ನು ಹೀರಿಕೊಳ್ಳುವ ಗುಣವುಳ್ಳದ್ದು. ತನ್ನ ತೂಕದ ಸುಮಾರು ಮೂರನೆಯ ಒಂದು ಭಾಗದಷ್ಟು ನೀರಾವಿಯನ್ನು ಹೀರಿಕೊಂಡರೂ ಮುಟ್ಟಿದವರಿಗೆ ಒದ್ದೆಯೆನಿಸುವುದಿಲ್ಲ, ಗಾಳಿ ಒಣಗಿದಾಗ ಅದನ್ನು ಮರಳಿ ಬಿಟ್ಟುಕೊಡುತ್ತದೆ. ಹೀಗಾಗಿ ತೇವದ ಊರಿನಲ್ಲಿ ಕೊಂಡ ನೂಲಿನ ಉಂಡೆ ಮರುಭೂಮಿಯಲ್ಲಿ ಕೆಲವು ಗ್ರಾಂ ಹಗುರಾಗುತ್ತದೆ. ಎರಡು ಕಾಲುಚೀಲಗಳಿಗೆ ನೂಲನ್ನು ತೂಕ ಮಾಡಿ ಪಾಲು ಮಾಡುವವರು ಎರಡೂ ಪಾಲನ್ನು ಒಂದೇ ಊರಿನಲ್ಲಿ ತೂಗಬೇಕು. ತೇವ ಕಳೆದುಕೊಂಡ ಎಳೆಯಲ್ಲಿ ಉಜ್ಜಿದಾಗ ಹುಟ್ಟುವ ಸ್ಥಿರ ವಿದ್ಯುತ್ತು ಹರಿದುಹೋಗದೆ ಉಳಿಯುವುದರಿಂದ ನೂಲು ಬೆರಳಿಗೂ ಬಟ್ಟೆಗೂ ಅಂಟಿಕೊಳ್ಳುತ್ತದೆ, ನವಿರಾದ ಕೆಂಪು ಧೂಳನ್ನೂ ಎಳೆದುಕೊಳ್ಳುತ್ತದೆ. ಇದಕ್ಕಿಂತ ಕಿರಿಕಿರಿ ತರುವುದು ಒಡೆದ ಬೆರಳ ತುದಿ. ಒಣಗಿ ಸಿಬಿರೆದ್ದ ಚರ್ಮ ಮೆರಿನೊದಂಥ ನಯವಾದ ಉಣ್ಣೆಯ ಎಳೆಗಳನ್ನು ಸಿಕ್ಕಿಸಿ ಕೀಳುತ್ತದಾದ್ದರಿಂದ, ರಾತ್ರಿ ಮಲಗುವ ಮುನ್ನ ಕೈಗೆ ಎಣ್ಣೆಯನ್ನೋ ಮುಲಾಮನ್ನೋ ಹಚ್ಚಿಕೊಳ್ಳುವುದು ಇಲ್ಲಿ ಕಸುಬಿನ ಭಾಗವೇ ಆಗುತ್ತದೆ. ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನ ಒಳಗು 60 ಡಿಗ್ರಿಯವರೆಗೂ ಕಾಯಬಲ್ಲದು. ಅಲ್ಲಿ ಬಿಟ್ಟುಹೋದ ಲೋಹದ ಕಡ್ಡಿಯನ್ನು ಕೂಡಲೇ ಹಿಡಿಯಲಾಗುವುದಿಲ್ಲವಾದ್ದರಿಂದ ಬಿದಿರಿನ ಕಡ್ಡಿಯೇ ಅನುಕೂಲ.

ಧೂಳಿನ ಮಾತು ಇನ್ನೂ ಗಂಭೀರವಾದದ್ದು. ಮರಳಿನ ಕಣ ಗಟ್ಟಿಯಾದ ಸ್ಫಟಿಕ ಶಿಲೆಯ ಚೂರು. ಅದು ನೂಲಿನ ಹುರಿಯೊಳಗೆ ಸೇರಿದರೆ ಬಟ್ಟೆ ತೊಟ್ಟಾಗಲೆಲ್ಲ ಎಳೆಗಳನ್ನು ಒಳಗಿನಿಂದಲೇ ಸವೆಸುತ್ತದೆ. ಬಾಯಿಕಟ್ಟುವ, ಒತ್ತಾಗಿ ನೇಯ್ದ ಬಟ್ಟೆಯ ಚೀಲದಲ್ಲಿ ಉಂಡೆಯನ್ನಿಟ್ಟು ನೂಲಿನ ತುದಿಯನ್ನು ಮಾತ್ರ ಹೊರಗೆಳೆದುಕೊಂಡರೆ ಈ ಅಪಾಯ ಬಹುಮಟ್ಟಿಗೆ ತಪ್ಪುತ್ತದೆ. ಹೆಣೆದ ಶಾಲನ್ನು ಕೆಂಪು ಬಂಡೆಗಳ ನಡುವೆ ಹರಡಿ ಚಿತ್ರ ತೆಗೆಯುವ ಆಸೆ ಸಹಜವೇ ಆದರೂ, ಅದಕ್ಕಾಗಿ ಕಾಲುದಾರಿಯನ್ನು ಬಿಟ್ಟು ಇಳಿಯಕೂಡದು. ಮೋಆಬ್ ಸುತ್ತಲಿನ ಮಣ್ಣಿನ ಮೇಲೆ ಕಪ್ಪಗೆ ಉಬ್ಬುತಗ್ಗಾಗಿ ಕಾಣುವ ಹೊರಪದರ ಜೀವಂತವಾದದ್ದು. ನೀಲಿಹಸಿರು ಸೂಕ್ಷ್ಮಜೀವಿಗಳು, ಕಲ್ಲುಹೂವು, ಪಾಚಿಗಳು ಸೇರಿ ಮರಳನ್ನು ಹಿಡಿದಿಟ್ಟು, ಮಳೆನೀರನ್ನು ತಡೆದು, ಗಿಡಗಳಿಗೆ ನೆಲೆ ಒದಗಿಸುವ ಈ ಪದರ ಒಂದು ಹೆಜ್ಜೆಗೆ ಪುಡಿಯಾದರೆ ಮತ್ತೆ ಕೂಡಿಕೊಳ್ಳಲು ದಶಕಗಳೇ ಬೇಕು. ಕತ್ತರಿಸಿದ ನೂಲಿನ ತುಣುಕುಗಳನ್ನೂ ಅಲ್ಲಿ ಚೆಲ್ಲಬಾರದು, ಅವು ಹಕ್ಕಿಗಳ ಕಾಲಿಗೆ ಸುತ್ತಿಕೊಳ್ಳುತ್ತವೆ. ಚೆಲುವನ್ನು ನೋಡಲು ಹೋದವರಿಂದ ಆ ಚೆಲುವಿಗೆ ಪೆಟ್ಟಾಗುವುದಕ್ಕಿಂತ ನೋವಿನ ಸಂಗತಿ ಪ್ರವಾಸದಲ್ಲಿ ಇನ್ನೊಂದಿಲ್ಲ.

ಬಣ್ಣದ ವಿಷಯದಲ್ಲಿ ಈ ನಾಡು ಹೆಣೆಯುವವರಿಗೆ ಬಹಳಷ್ಟನ್ನು ಕಲಿಸುತ್ತದೆ. ಜಯಾನ್ ಉದ್ಯಾನದ ಎತ್ತರದ ಗೋಡೆಗಳು ಜುರಾಸಿಕ್ ಯುಗದ ಮರಳುದಿಬ್ಬಗಳು ಗಟ್ಟಿಯಾಗಿ ಆದ ಕಲ್ಲು. ಮರಳಿನ ಪ್ರತಿ ಕಣದ ಸುತ್ತ ತೆಳುವಾಗಿ ಲೇಪಗೊಂಡಿರುವ ಕಬ್ಬಿಣದ ಆಕ್ಸೈಡಿನಿಂದ ಅದಕ್ಕೆ ಕೆಂಪು ಬಂದಿದೆ, ಆ ಲೇಪ ನೀರಿನಲ್ಲಿ ಕರಗಿಹೋದ ಮೇಲ್ಭಾಗಗಳು ಬಿಳುಪಾಗಿ ಉಳಿದಿವೆ. ಒಂದೇ ಗೋಡೆ ಬೆಳಿಗ್ಗೆ ನಸುಗೆಂಪಾಗಿಯೂ ನಡುಹಗಲಿನಲ್ಲಿ ಪೇಲವವಾಗಿಯೂ ಸಂಜೆ ಕೆಂಡದಂತೆಯೂ ಕಾಣುವ ಬಗೆಯನ್ನು ಪೂರ್ತಿ ನೋಡಬೇಕಾದರೆ ಒಂದೆಡೆ ಕೂತಿರಬೇಕು, ಹಾಗೆ ಕೂತವರ ಕೈಯಲ್ಲಿ ಕೆಲಸವಿದ್ದರೆ ಹೊತ್ತು ಭಾರವಾಗುವುದಿಲ್ಲ. ಬಣ್ಣದ ಕನ್ನಡಕ ಹಾಕಿಕೊಂಡು ನೂಲಿನ ಬಣ್ಣ ಹೊಂದಿಸಬಾರದೆಂಬುದು ಮಾತ್ರ ನೆನಪಿರಬೇಕು. ಕತ್ತಲೆಯಾದ ಮೇಲೂ ಕೆಲಸ ನಿಲ್ಲಬೇಕಾಗಿಲ್ಲ. ಯೂಟಾದ ನ್ಯಾಚುರಲ್ ಬ್ರಿಜಸ್ 2007ರಲ್ಲಿ ಜಗತ್ತಿನ ಮೊದಲ ಅಂತರರಾಷ್ಟ್ರೀಯ ಕತ್ತಲಾಕಾಶ ಉದ್ಯಾನವೆಂದು ಮಾನ್ಯತೆ ಪಡೆಯಿತು. ವಿದ್ಯುದ್ದೀಪದ ಬೆಳಕು ಆಕಾಶವನ್ನು ಕೆಡಿಸದಂತೆ ಕಾಪಾಡುವ ಇಂಥ ತಾಣಗಳಲ್ಲಿ ಟಾರ್ಚು ಹಚ್ಚಿ ಹೆಣೆಯುವುದು ಸಲ್ಲದಿದ್ದರೂ, ಎಲ್ಲ ಸಾಲುಗಳನ್ನೂ ಒಂದೇ ಬಗೆಯ ಕುಣಿಕೆಯಲ್ಲಿ ಮುಗಿಸುವ ಸಾದಾ ಹೆಣಿಗೆಯನ್ನು ಬೆರಳಿನ ಸ್ಪರ್ಶದಿಂದಲೇ ಮುಂದುವರಿಸುತ್ತ ಆಕಾಶಗಂಗೆಯನ್ನು ನೋಡಬಹುದು.

ಇಷ್ಟೆಲ್ಲ ನೋಡಿದವರು ಅಲ್ಲಿನ ಉಣ್ಣೆಯನ್ನು ತಿಳಿಯದೆ ಮರಳಿದರೆ ಪ್ರವಾಸ ಅರ್ಧವೇ ಆಯಿತೆನ್ನಬೇಕು. ಮಾನ್ಯುಮೆಂಟ್ ವ್ಯಾಲಿ ಇರುವುದು ತಮ್ಮನ್ನು ದಿನೆ ಎಂದು ಕರೆದುಕೊಳ್ಳುವ ನವಾಹೊ ಜನರ ನೆಲದಲ್ಲಿ. ಅದನ್ನು ಅವರ ಆಡಳಿತವೇ 1958ರಿಂದ ತನ್ನ ಉದ್ಯಾನವಾಗಿ ನಡೆಸುತ್ತಿದೆ. 16ನೇ ಶತಮಾನದಲ್ಲಿ ಸ್ಪೇನಿನವರು ತಂದ ಚುರ್ರೊ ಕುರಿ ಈ ಜನರ ಕೈಯಲ್ಲಿ ಶತಮಾನಗಳ ಕಾಲ ಬೆಳೆದು ನವಾಹೊ ಚುರ್ರೊ ಎಂಬ ತಳಿಯಾಯಿತು. ಇದರ ಮೈಮೇಲೆ ಎರಡು ಪದರದ ತುಪ್ಪಳವಿದ್ದು, ಹೊರಗಿನದು ಉದ್ದವಾಗಿ ಒರಟಾಗಿಯೂ ಒಳಗಿನದು ಮೆತ್ತಗೂ ಇರುತ್ತದೆ. ಕೆಲವು ಟಗರುಗಳಿಗೆ ನಾಲ್ಕು ಕೊಂಬು. ಬೇರೆ ತಳಿಗಳ ಉಣ್ಣೆಯಲ್ಲಿ ಹೇರಳವಾಗಿರುವ ಜಿಡ್ಡು ಇದರಲ್ಲಿ ತೀರ ಕಡಿಮೆ ಇರುವುದರಿಂದ, ನೀರಿನ ಬರವಿರುವ ಸೀಮೆಯಲ್ಲಿ ಅದನ್ನು ತೊಳೆದು ನೂಲುವುದು ಸುಲಭ. ಈ ಉಣ್ಣೆಯಿಂದ ನವಾಹೊ ಹೆಣ್ಣುಮಕ್ಕಳು ನೆಟ್ಟಗೆ ನಿಲ್ಲಿಸಿದ ಮಗ್ಗದಲ್ಲಿ ನೇಯುವ ಕಂಬಳಿ, ಜಮಖಾನಗಳು ಜಗತ್ತಿನಲ್ಲೆಲ್ಲ ಹೆಸರಾಗಿವೆ. ಜೇಡಮ್ಮ ತಮಗೆ ನೇಯ್ಗೆಯನ್ನು ಕಲಿಸಿದಳೆಂದು ಅವರ ನಂಬಿಕೆ, ಆಕೆಯ ನೆಲೆಯೆಂದು ಹೇಳುವ ಸ್ಪೈಡರ್ ರಾಕ್ ಎಂಬ ಕಲ್ಲಿನ ಕಂಬ ಕ್ಯಾನ್ಯನ್ ಡಿ ಶೇ ಎಂಬ ಕಣಿವೆಯಲ್ಲಿದೆ. ನೆರೆಯ ಹೋಪಿ ಜನರಲ್ಲಿ ನೇಯುವವರು ಗಂಡಸರು. ಪಾದವಿಲ್ಲದ ಉದ್ದ ಕಾಲುಚೀಲಗಳನ್ನು ಹೆಣೆಯುವ ಕೆಲಸವೂ ಅಲ್ಲಿ ಗಂಡಸರದೇ ಆಗಿತ್ತು.

ಈ ಕುರಿಯ ಚರಿತ್ರೆಯಲ್ಲಿ ದುಃಖ ತುಂಬಿದೆ. 1863 ಮತ್ತು 1864ರಲ್ಲಿ ಅಮೆರಿಕದ ಸೈನ್ಯ ನವಾಹೊಗಳ ಬೆಳೆ, ಹಣ್ಣಿನ ತೋಟ, ಕುರಿಮಂದೆಗಳನ್ನು ನಾಶಮಾಡಿ ಸಾವಿರಾರು ಜನರನ್ನು ನೂರಾರು ಕಿಲೋಮೀಟರ್ ನಡೆಸಿಕೊಂಡು ಹೋಗಿ ನ್ಯೂ ಮೆಕ್ಸಿಕೊದ ಬಾಸ್ಕ್ ರೆಡೊಂಡೊದಲ್ಲಿ ಕೂಡಿಹಾಕಿತು. 1868ರ ಒಪ್ಪಂದದ ಮೇಲೆ ಅವರು ಊರಿಗೆ ಮರಳಿದಾಗ 15,000 ಕುರಿ ಮತ್ತು ಮೇಕೆಗಳನ್ನು ಕೊಂಡುಕೊಡುವ ಮಾತು ಆ ಒಪ್ಪಂದದಲ್ಲೇ ಸೇರಿತ್ತು. ಆ ಜನರಿಗೆ ಕುರಿ ಎಂದರೆ ಏನೆಂಬುದನ್ನು ಇದೊಂದೇ ಸಂಗತಿ ಹೇಳುತ್ತದೆ. ಮಂದೆಗಳು ಮತ್ತೆ ಬೆಳೆದವು. 1930ರ ದಶಕದಲ್ಲಿ, ಅತಿ ಮೇಯುವಿಕೆಯಿಂದ ಮಣ್ಣು ಕೊಚ್ಚಿಹೋಗಿ ಕೊಲೊರಾಡೊ ನದಿಯ ಹೂವರ್ ಅಣೆಕಟ್ಟಿನ ಜಲಾಶಯದಲ್ಲಿ ಹೂಳು ತುಂಬುತ್ತದೆಂಬ ಕಾರಣವನ್ನು ಮುಂದಿಟ್ಟು, ಸರಕಾರ ಜನರ ವಿರೋಧವನ್ನು ಲೆಕ್ಕಿಸದೆ ಕುರಿಗಳನ್ನು ಭಾರಿ ಸಂಖ್ಯೆಯಲ್ಲಿ ಕಡಿಮೆ ಮಾಡಿಸಿತು. ಎಷ್ಟೋ ಕುರಿಗಳನ್ನು ಒಡೆಯರ ಕಣ್ಣೆದುರೇ ಗುಂಡಿಟ್ಟು ಕೊಂದರು. 1970ರ ದಶಕದ ಹೊತ್ತಿಗೆ ಶುದ್ಧ ಚುರ್ರೊ ಕುರಿಗಳು ಕೆಲವು ನೂರು ಮಾತ್ರ ಉಳಿದಿದ್ದವು. 1977ರಲ್ಲಿ ಪ್ರಾಣಿವಿಜ್ಞಾನಿ ಲೈಲ್ ಮೆಕ್‌ನೀಲ್ ಆರಂಭಿಸಿದ ನವಾಹೊ ಶೀಪ್ ಪ್ರಾಜೆಕ್ಟ್ ಒಳನಾಡಿನ ಹಟ್ಟಿಗಳಲ್ಲಿ ಉಳಿದ ಕುರಿಗಳನ್ನು ಹುಡುಕಿ ತಳಿ ಬೆಳೆಸಿ, ಅವುಗಳನ್ನು ಮರಳಿ ನವಾಹೊ ಕುಟುಂಬಗಳಿಗೆ ಮುಟ್ಟಿಸಿತು. ಮುದುಕಿಯರು ದೂರದ ಕಣಿವೆಗಳಲ್ಲಿ ಮಂದೆಯನ್ನು ಬಚ್ಚಿಟ್ಟು ಉಳಿಸಿಕೊಳ್ಳದಿದ್ದರೆ ಹುಡುಕುವವರಿಗೆ ಸಿಗಲು ಕುರಿಗಳೇ ಇರುತ್ತಿರಲಿಲ್ಲ ಎಂಬುದನ್ನೂ ಇಲ್ಲಿ ಹೇಳಬೇಕು.

ಪ್ರವಾಸಿಗರು ಈ ಉಣ್ಣೆಯನ್ನೂ ಅದರ ನೇಯ್ಗೆಯನ್ನೂ ನೋಡಬಹುದಾದ ಜಾಗಗಳು ದಾರಿಯಲ್ಲೇ ಇವೆ. ಅರಿಜೋನಾದ ಗನಾಡೊದಲ್ಲಿ 1878ರಿಂದ ನಡೆಯುತ್ತಿರುವ ಹಬೆಲ್ ಟ್ರೇಡಿಂಗ್ ಪೋಸ್ಟ್, ಅಂದರೆ ನೇಯ್ದ ಜಮಖಾನಕ್ಕೆ ಬದಲಾಗಿ ದಿನಸಿ ಸಾಮಾನು ಕೊಡುತ್ತಿದ್ದ ಹಳೆಯ ಅಂಗಡಿ, ಈಗ ರಾಷ್ಟ್ರೀಯ ಐತಿಹಾಸಿಕ ತಾಣವಾಗಿ ಉಳಿದಿದೆ. ನ್ಯೂ ಮೆಕ್ಸಿಕೊದ ಲೊಸ್ ಓಹೊಸ್ ಎಂಬ ಹಳ್ಳಿಯಲ್ಲಿ 1980ರ ದಶಕದಲ್ಲಿ ಹುಟ್ಟಿದ ಟಿಯೆರಾ ವುಲ್ಸ್ ಎಂಬ ನೇಕಾರರ ಸಂಸ್ಥೆ ಚುರ್ರೊ ನೂಲಿಗೆ ಹೆಸರಾಯಿತು. ಈ ನೂಲನ್ನು ಕೊಳ್ಳುವವರು ಮೆರಿನೊದ ಮೆದುತನವನ್ನು ಅದರಲ್ಲಿ ನಿರೀಕ್ಷಿಸಬಾರದು. ಚಳ್ಳಕೆರೆ ಸೀಮೆಯ ಕುರುಬರ ಕಂಬಳಿಯನ್ನು ಹೊದ್ದು ಬಲ್ಲವರಿಗೆ ಇದರ ಒರಟು ಹೊಸದೆನಿಸುವುದಿಲ್ಲ. ಅಲ್ಲಿಯಂತೆ ಇಲ್ಲಿಯೂ ಆ ಒರಟೇ ಬಾಳಿಕೆ. ಮೈಗೆ ತಾಗುವ ಕಾಲುಚೀಲಕ್ಕೋ ಮಗುವಿನ ಟೊಪ್ಪಿಗೆಗೋ ಇದು ಒಗ್ಗದು. ಹೆಗಲಿಗೆ ತೂಗುಹಾಕುವ ಚೀಲ, ಅಂಗಿಯ ಮೇಲೆ ತೊಡುವ ತೋಳಿಲ್ಲದ ಕೋಟು, ಕುರ್ಚಿಯ ಮೇಲಿನ ದಿಂಬಿನ ಹೊದಿಕೆ ಇಂಥವುಗಳಿಗೆ ಚೆನ್ನಾಗಿ ಕೂಡುತ್ತದೆ. ಕುರಿಯ ಮೈಬಣ್ಣವೇ ಬಿಳಿ, ಬೂದು, ಕಂದು, ಕಪ್ಪು ಎಂದು ಹಲವು ಬಗೆಯಾಗಿರುವುದರಿಂದ ಬಣ್ಣ ಹಾಕದ ನೂಲಿನಲ್ಲೇ ಪಟ್ಟಿಗಳನ್ನು ಮೂಡಿಸಬಹುದು. ನೂಲಿನ ಲಡಿಯ ಮೇಲಿನ ಚೀಟಿಯಲ್ಲಿ ಸಾಕಿದವರ ಊರು ಬರೆದಿದ್ದರೆ, ಕೊಟ್ಟ ಹಣ ಯಾವ ಹಟ್ಟಿಗೆ ಸೇರುತ್ತದೆಂಬುದೂ ಕೊಳ್ಳುವವರಿಗೆ ಅಲ್ಲಿಯೇ ತಿಳಿಯುತ್ತದೆ.