ನಿಮ್ಮ ಇ-ಮೇಲ್ ಉತ್ತರ ಯಾರ ಕೈಸೇರುತ್ತದೆ?

ಇ-ಮೇಲ್ ಓದಿ ‘ರಿಪ್ಲೈ’ ಒತ್ತಿದರೆ ಉತ್ತರವು ಕಳುಹಿಸಿದವರಿಗೇ ತಲುಪುತ್ತದೆ ಎಂಬುದು ಸಾಮಾನ್ಯ ನಂಬಿಕೆ. ಎಲ್ಲ ಸಂದರ್ಭಗಳಲ್ಲೂ ಅದು ನಿಜವಲ್ಲ.

ಪ್ರತಿ ಇ-ಮೇಲ್‌ನ ತಲೆಭಾಗದಲ್ಲಿ ‘ಫ್ರಮ್’ ಎಂಬ ಸಾಲಿರುತ್ತದೆ. ಕೆಲವದರಲ್ಲಿ ‘ರಿಪ್ಲೈ-ಟು’ ಎಂಬ ಇನ್ನೊಂದು ಸಾಲೂ ಇರುತ್ತದೆ. 1982ರ ಆರ್‌ಎಫ್‌ಸಿ 822 ಹಾಗೂ ಈಗ ಬಳಕೆಯಲ್ಲಿರುವ 2008ರ ಆರ್‌ಎಫ್‌ಸಿ 5322 ನಿಯಮಾವಳಿಗಳ ಪ್ರಕಾರ, ‘ರಿಪ್ಲೈ-ಟು’ ಇದ್ದರೆ ಉತ್ತರ ಆ ವಿಳಾಸಕ್ಕೆ ಹೋಗಬೇಕು. ಇಲ್ಲದಿದ್ದರೆ ಮಾತ್ರ ‘ಫ್ರಮ್’ ವಿಳಾಸಕ್ಕೆ.

ಒಬ್ಬರು ಕಳುಹಿಸಿದ ಪತ್ರಕ್ಕೆ ಉತ್ತರ ಮತ್ತೊಬ್ಬರಿಗೆ ತಲುಪಲೆಂದು ಕಲ್ಪಿಸಿದ ಈ ಅನುಕೂಲವೇ ವಂಚಕರಿಗೂ ಅಸ್ತ್ರವಾಗಿದೆ. ‘ಫ್ರಮ್’ನಲ್ಲಿ ಪರಿಚಿತರ ವಿಳಾಸ ತೋರಿಸಿ, ‘ರಿಪ್ಲೈ-ಟು’ನಲ್ಲಿ ತಮ್ಮದನ್ನು ಇಟ್ಟರೆ, ನೀವು ಬರೆದ ಬ್ಯಾಂಕ್ ಖಾತೆಯ ವಿವರ ಅವರ ಪಾಲಾಗುತ್ತದೆ.

ಆದ್ದರಿಂದ ‘ಸೆಂಡ್’ ಒತ್ತುವ ಮುನ್ನ ‘ಟು’ ಸಾಲಿನಲ್ಲಿ ಹೆಸರನ್ನಷ್ಟೇ ಅಲ್ಲ, ಇಡೀ ವಿಳಾಸವನ್ನು ಓದುವುದು ಒಳಿತು.