ಮಕ್ಕಳ ಮೂಳೆ ಶಸ್ತ್ರಚಿಕಿತ್ಸೆ: ಅರಿವಳಿಕೆಯ ಜೊತೆ ಸ್ಟೀರಾಯ್ಡ್ ಕೊಟ್ಟರೆ ಹೆದರಬೇಕೇ?



ಮರದಿಂದ ಬಿದ್ದು ಮುರಿದ ಮೊಣಕೈ, ಹುಟ್ಟಿನಿಂದಲೇ ಸೊಟ್ಟಗಿರುವ ಪಾದ, ಜಾರಿದ ಸೊಂಟದ ಕೀಲು - ಇಂಥ ತೊಂದರೆಗಳಿಗಾಗಿ ಶಸ್ತ್ರಚಿಕಿತ್ಸೆಗೆ ಹೋಗುವ ಮಕ್ಕಳು ಅನೇಕರು. ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಹೊತ್ತಿನಲ್ಲಿ ‘ಸ್ಟೀರಾಯ್ಡ್’ ಎಂಬ ಮಾತು ಕಿವಿಗೆ ಬಿದ್ದರೆ ಹೆತ್ತವರು ಗಾಬರಿಯಾಗುವುದು ಸಹಜ. ‘ಮೂಳೆ ಕೂಡದೆ ಹೋದರೆ?’ ಎಂಬ ಅವರ ಪ್ರಶ್ನೆಯೂ ನ್ಯಾಯವಾದದ್ದೇ. ಹೆದರಿ ಶಸ್ತ್ರಚಿಕಿತ್ಸೆಯನ್ನು ಮುಂದೂಡಿದರೆ ನಷ್ಟ ಮಗುವಿಗೆ. ಆದ್ದರಿಂದ ಈ ವಿಷಯವನ್ನು ಇಲ್ಲಿ ಸರಳವಾಗಿ ತಿಳಿಸುತ್ತಿದ್ದೇವೆ.

ಬ್ಲಾಕ್ ಎಂದರೇನು?

ಮಗುವಿಗೆ ಪೂರ್ತಿ ನಿದ್ರೆ ಬರಿಸಿದ ಮೇಲೆ, ಶಸ್ತ್ರಚಿಕಿತ್ಸೆ ಆಗುವ ಕೈ ಅಥವಾ ಕಾಲಿನ ನರದ ಬಳಿ ಮರಗಟ್ಟಿಸುವ ಔಷಧಿಯನ್ನು ಚುಚ್ಚುತ್ತಾರೆ. ಇದಕ್ಕೆ ‘ನರ್ವ್ ಬ್ಲಾಕ್’ ಎನ್ನುತ್ತಾರೆ. ಚಿಕ್ಕ ಮಕ್ಕಳ ಕಾಲಿನ ಶಸ್ತ್ರಚಿಕಿತ್ಸೆಗೆ ಬೆನ್ನುಮೂಳೆಯ ಕೊನೆಯಲ್ಲಿ ಚುಚ್ಚುವುದೂ ಉಂಟು. ಅದು ‘ಕಾಡಲ್ ಬ್ಲಾಕ್’. ಬುಪಿವಕೈನ್, ರೋಪಿವಕೈನ್ ಎಂಬ ಔಷಧಿಗಳು ನೋವಿನ ಸುದ್ದಿ ನರದ ಮೂಲಕ ಮೆದುಳಿಗೆ ಹೋಗದಂತೆ ತಡೆಯುತ್ತವೆ. ಆದರೆ ಕೆಲವು ಗಂಟೆಗಳಲ್ಲಿ ಅವುಗಳ ಪ್ರಭಾವ ಇಳಿಯುತ್ತದೆ. ಅನೇಕ ವೇಳೆ ಅದು ಇಳಿಯುವುದು ರಾತ್ರಿಯಲ್ಲೇ.

ಪ್ರಭಾವ ಹೆಚ್ಚು ಹೊತ್ತು ಉಳಿಯಲೆಂದು ಕೆಲವು ಅರಿವಳಿಕೆ ತಜ್ಞರು ಡೆಕ್ಸಾಮೆಥಸೋನ್ ಎಂಬ ಸ್ಟೀರಾಯ್ಡನ್ನು ಸ್ವಲ್ಪ ಪ್ರಮಾಣದಲ್ಲಿ ಕೊಡುತ್ತಾರೆ. 2017ರ ಕಾಕ್ರೇನ್ ವಿಮರ್ಶೆಯ ಪ್ರಕಾರ, ಕೈಯ ಶಸ್ತ್ರಚಿಕಿತ್ಸೆಗಳಲ್ಲಿ ಇದರಿಂದ ಮರಗಟ್ಟುವಿಕೆ ಸುಮಾರು ಆರು ಗಂಟೆ ಹೆಚ್ಚು ಉಳಿಯಿತು. ನರದ ಬಳಿ ಕೊಟ್ಟರೂ ರಕ್ತನಾಳಕ್ಕೆ ಕೊಟ್ಟರೂ ಫಲ ಸಿಕ್ಕಿತು, ಆದರೆ ಎರಡನ್ನೂ ನೇರವಾಗಿ ಹೋಲಿಸಿದಾಗ ನರದ ಬಳಿ ಕೊಟ್ಟವರಲ್ಲಿ ಮರಗಟ್ಟುವಿಕೆ ಇನ್ನಷ್ಟು ಹೊತ್ತು ಉಳಿಯಿತು. ಇದೇ ಔಷಧಿ ಶಸ್ತ್ರಚಿಕಿತ್ಸೆಯ ನಂತರದ ವಾಂತಿಯನ್ನೂ ಕಡಿಮೆ ಮಾಡುತ್ತದೆ.

ಮೂಳೆ ಕೂಡುವುದಕ್ಕೆ ಅಡ್ಡಿಯೇ?

ತಿಂಗಳುಗಟ್ಟಲೆ ಸ್ಟೀರಾಯ್ಡ್ ಮಾತ್ರೆ ನುಂಗಿದರೆ ಮೂಳೆ ಸವೆಯುವುದು ನಿಜ. ಹೊಸ ಮೂಳೆ ಕಟ್ಟುವ ಜೀವಕೋಶಗಳ ಕೆಲಸ ಕುಂಠಿತವಾಗುತ್ತದೆ, ಕರುಳು ಕ್ಯಾಲ್ಸಿಯಂ ಹೀರುವುದೂ ಕಡಿಮೆಯಾಗುತ್ತದೆ. ಜನರ ಭಯ ಹುಟ್ಟಿದ್ದು ಇಲ್ಲಿಂದ.

ಒಂದೇ ಸಲ ಕೊಡುವ ಡೋಸಿನ ವಿಷಯ ಬೇರೆ. ಡೆಕ್ಸಾಮೆಥಸೋನ್ ಪ್ರಭಾವ ಎರಡು-ಮೂರು ದಿನಗಳಲ್ಲಿ ಇಳಿದುಹೋಗುತ್ತದೆ. ಮೂಳೆ ಕೂಡುವ ಕೆಲಸವೋ ವಾರಗಟ್ಟಲೆ ನಡೆಯುತ್ತದೆ: ಮೊದಲು ಊತ, ಆಮೇಲೆ ಮೆದು ಗಂಟು, ನಂತರ ಗಟ್ಟಿ ಮೂಳೆ. ಮಕ್ಕಳಲ್ಲಿ ಇದು ದೊಡ್ಡವರಿಗಿಂತ ಬೇಗ ಆಗುತ್ತದೆ. 2021ರಲ್ಲಿ ಪ್ರಕಟವಾದ, ಎಂಟು ಸಾವಿರಕ್ಕೂ ಹೆಚ್ಚು ವಯಸ್ಕರ ಅಧ್ಯಯನವೊಂದರಲ್ಲಿ, ಒಮ್ಮೆ 8 ಮಿಲಿಗ್ರಾಂ ಪಡೆದವರಲ್ಲಿ ಶಸ್ತ್ರಚಿಕಿತ್ಸೆಯ ಗಾಯದ ಸೋಂಕು ಪಡೆಯದವರಿಗಿಂತ ಹೆಚ್ಚಿರಲಿಲ್ಲ.

ಆದರೂ ಒಂದು ಮಾತು ಹೇಳಲೇಬೇಕು. ಈ ಪ್ರಯೋಗಗಳು ಬಹುಪಾಲು ದೊಡ್ಡವರ ಮೇಲೆ ನಡೆದವು. ಅವು ಮುಖ್ಯವಾಗಿ ಅಳೆದದ್ದು ನೋವು ಮತ್ತು ಸೋಂಕನ್ನು. ಮಗುವಿನ ಮೂಳೆ ಕೂಡುವ ವೇಗವನ್ನಲ್ಲ. ಆದ್ದರಿಂದ ಇದನ್ನು ಎಲ್ಲ ಮಕ್ಕಳಿಗೂ ಕೊಡಲೇಬೇಕೆಂಬ ನಿಯಮವಿಲ್ಲ. ಮಗುವಿನ ತೂಕ, ಕಾಯಿಲೆ, ಶಸ್ತ್ರಚಿಕಿತ್ಸೆಯ ಬಗೆ ನೋಡಿ ವೈದ್ಯರು ತೀರ್ಮಾನಿಸುತ್ತಾರೆ.

ವೈದ್ಯರಿಗೆ ಮುಚ್ಚಿಡದೆ ಹೇಳಿ

- ಮಗುವಿಗೆ ಸಕ್ಕರೆ ಕಾಯಿಲೆ ಇದೆಯೇ? ಒಂದೇ ಡೋಸ್ ಕೂಡ ರಕ್ತದ ಸಕ್ಕರೆಯನ್ನು ತಾತ್ಕಾಲಿಕವಾಗಿ ಏರಿಸಬಲ್ಲದು.
- ಜ್ವರ, ಕೀವು, ಕ್ಷಯದಂಥ ಸೋಂಕು ಇದೆಯೇ?
- ಉಬ್ಬಸ, ಮೂತ್ರಪಿಂಡ ಅಥವಾ ಚರ್ಮದ ಕಾಯಿಲೆಗೆ ಈಗಾಗಲೇ ಸ್ಟೀರಾಯ್ಡ್ ಕೊಡುತ್ತಿದ್ದೀರಾ? ಹೌದಾದರೆ ನೀವಾಗಿಯೇ ನಿಲ್ಲಿಸಬೇಡಿ.
- ಹಳ್ಳಿಯಲ್ಲಿ ಹೆಸರು ತಿಳಿಯದ ಪುಡಿ, ಮಾತ್ರೆ ಕೊಟ್ಟಿದ್ದರೆ ಅದನ್ನೂ ಆಸ್ಪತ್ರೆಗೆ ತನ್ನಿ.

ನೀವೂ ಕೇಳಿ: ಬ್ಲಾಕ್ ಎಷ್ಟು ಹೊತ್ತು ಇರುತ್ತದೆ? ಸ್ಟೀರಾಯ್ಡ್ ಏಕೆ, ಎಲ್ಲಿಗೆ ಕೊಡುತ್ತೀರಿ? ಬ್ಲಾಕ್ ಇಳಿಯುವ ಮೊದಲು ಯಾವ ನೋವಿನ ಔಷಧಿ ಕೊಡಬೇಕು? ನೋವು ಒಮ್ಮೆಲೇ ಎದ್ದ ಮೇಲೆ ಅದನ್ನು ಇಳಿಸುವುದು ಕಷ್ಟ. ಅದಕ್ಕೇ ವೈದ್ಯರು ಬರೆದುಕೊಟ್ಟ ಪ್ಯಾರಸಿಟಮಾಲ್‌ನಂಥ ಔಷಧಿಯನ್ನು ಹೊತ್ತಿಗೆ ಸರಿಯಾಗಿ ಕೊಡಬೇಕು.

ಮರಗಟ್ಟಿದ ಕೈಕಾಲಿನ ಮೇಲೆ ಕಣ್ಣಿರಲಿ

ನಮ್ಮ ದೃಷ್ಟಿಯಲ್ಲಿ ಎಲ್ಲಕ್ಕಿಂತ ಮುಖ್ಯವಾದ ಮಾತು ಇದು. ಪ್ಲಾಸ್ಟರ್ ಒಳಗೆ ಊತ ಹೆಚ್ಚಿ ರಕ್ತ ಹರಿಯುವುದು ನಿಂತರೆ ಕೆಲವೇ ಗಂಟೆಗಳಲ್ಲಿ ಸ್ನಾಯು ಸಾಯಬಹುದು. ಇದರ ಮೊದಲ ಎಚ್ಚರಿಕೆ ನೋವು. ಬ್ಲಾಕ್ ಇರುವಾಗ ಆ ಎಚ್ಚರಿಕೆ ಸರಿಯಾಗಿ ಕೇಳಿಸದೆ ಇರಬಹುದು. ಬೆರಳುಗಳು ಬಿಳಿಚಿದರೆ, ನೀಲಿಯಾದರೆ, ತಣ್ಣಗಾದರೆ, ಬೆರಳನ್ನು ಮೆಲ್ಲನೆ ಚಾಚಿದಾಗ ಮಗು ಚೀರಿದರೆ, ಔಷಧಿ ಕೊಟ್ಟರೂ ಅಳು ಮತ್ತು ಚಡಪಡಿಕೆ ಹೆಚ್ಚುತ್ತಲೇ ಹೋದರೆ ಬೆಳಗಾಗುವವರೆಗೆ ಕಾಯಬೇಡಿ. ನಡುರಾತ್ರಿಯಾದರೂ ಸಿಸ್ಟರನ್ನು ಕರೆಯಿರಿ. ಮನೆಯಲ್ಲಿದ್ದರೆ ಕೂಡಲೇ ಆಸ್ಪತ್ರೆಗೆ ಹೊರಡಿ. ಮರಗಟ್ಟಿದ ಜಾಗಕ್ಕೆ ಬಿಸಿನೀರಿನ ಶಾಖ ಕೊಡಬೇಡಿ. ಸುಟ್ಟರೂ ಮಗುವಿಗೆ ತಿಳಿಯದು.

ದಾನಿಗಳಲ್ಲಿ ಒಂದು ವಿನಂತಿ: ಶಸ್ತ್ರಚಿಕಿತ್ಸೆಯ ಬಿಲ್ಲಿಗೆ ನೆರವಾಗುವಾಗ ಮರುತಪಾಸಣೆಗೆ ಹೋಗಿಬರುವ ಬಸ್ ಖರ್ಚನ್ನೂ ನೆನಪಿಡಿ. ಆ ದುಡ್ಡಿಲ್ಲದೆ ಮರುತಪಾಸಣೆ ತಪ್ಪಿದರೆ, ಮೂಳೆ ಸರಿಯಾಗಿ ಕೂಡಿದೆಯೇ ಎಂದು ನೋಡುವವರೇ ಇರುವುದಿಲ್ಲ.