ಕಥೋಲಿಕ ವಿದ್ಯಾಸಂಸ್ಥೆಗಳಲ್ಲಿ ವಿದ್ಯಾರ್ಥಿ ನಾಯಕತ್ವ ಮತ್ತು ಸಹಜೀವನ

ವಿದ್ಯಾಲಯದಲ್ಲಿ ಬಾಲಕನು ಕಲಿಯುವ ಪಾಠಗಳು ಎರಡು ಬಗೆ. ಪುಸ್ತಕದಲ್ಲಿ ಅಚ್ಚಾಗಿರುವುದು ಒಂದು; ಸಹಪಾಠಿಗಳೊಡನೆ ಉಂಡು, ಆಡಿ, ಪ್ರಾರ್ಥಿಸಿ, ಮುನಿದು, ಮತ್ತೆ ಒಂದಾಗಿ ಬಾಳುವುದರಿಂದ ದೊರೆಯುವುದು ಇನ್ನೊಂದು. ಮೊದಲನೆಯದಕ್ಕೆ ಪರೀಕ್ಷೆಯುಂಟು, ಅಂಕಗಳುಂಟು. ಎರಡನೆಯದಕ್ಕೆ ಮುಂದಿನ ಬದುಕೇ ಪರೀಕ್ಷಕ. ಧಾರ್ಮಿಕ ಸಂಸ್ಥೆಗಳು ಶಾಲೆಗಳನ್ನು ಸ್ಥಾಪಿಸಿದುದರ ಮುಖ್ಯೋದ್ದೇಶ ಈ ಎರಡನೆಯ ಪಾಠವೇ ಆಗಿದೆಯೆಂದರೆ ತಪ್ಪಾಗಲಾರದು.

ಕಿಬ್ಬನಹಳ್ಳಿಯ ಸುತ್ತಿನ ತೆಂಗಿನ ಸೀಮೆಗೆ ಈ ವಿಚಾರ ಹೊಸತಲ್ಲ. ತುಮಕೂರಿನ ಶ್ರೀ ಸಿದ್ಧಗಂಗಾ ಮಠದಲ್ಲಿ ಶ್ರೀ ಶಿವಕುಮಾರ ಸ್ವಾಮಿಗಳವರು 2019ರಲ್ಲಿ ಲಿಂಗೈಕ್ಯರಾಗುವವರೆಗೆ ದಶಕಗಳ ಕಾಲ ನಡೆಸಿಕೊಂಡು ಬಂದ ಅನ್ನದಾಸೋಹ, ಜಾತಿಮತಗಳ ಭೇದವಿಲ್ಲದ ಉಚಿತ ವಿದ್ಯಾರ್ಥಿನಿಲಯ, ಸಂಜೆಯ ಸಾಮೂಹಿಕ ಪ್ರಾರ್ಥನೆ ಇವು ಇಲ್ಲಿಯವರಿಗೆಲ್ಲ ಪರಿಚಿತ. ಇದೇ ಬಗೆಯ ಹೊಣೆಯನ್ನು ಕಥೋಲಿಕ ಶಾಲೆಗಳು ತಮ್ಮ ಪರಂಪರೆಗೆ ಅನುಗುಣವಾಗಿ ಹೇಗೆ ನಿರ್ವಹಿಸಿವೆ, ಅಲ್ಲಿ ವಿದ್ಯಾರ್ಥಿಗಳಿಗೆ ವಹಿಸಲಾದ ಪಾತ್ರವೇನು, ಎದುರಾದ ತೊಡಕುಗಳೇನು ಎಂಬುದನ್ನು ತಿಳಿಯುವುದು ಶಿಕ್ಷಕರಿಗೂ ದಾನಿಗಳಿಗೂ ಉಪಯುಕ್ತವಾದೀತು.

ಸಂಪ್ರದಾಯದ ಮೂಲ

1540ರಲ್ಲಿ ಇಗ್ನೇಷಿಯಸ್ ಲೊಯೋಲಾ ಎಂಬ ಸಂತನಿಂದ ಸ್ಥಾಪಿತವಾದ ಯೇಸುಸಭೆಯವರು, ಅಂದರೆ ಜೆಸ್ವಿತ್ ಪಾದ್ರಿಗಳು, 1548ರಲ್ಲಿ ಸಿಸಿಲಿ ದ್ವೀಪದ ಮೆಸೀನಾ ನಗರದಲ್ಲಿ ಶಾಲೆಯೊಂದನ್ನು ತೆರೆದು ಶಿಕ್ಷಣಕ್ಷೇತ್ರವನ್ನು ಪ್ರವೇಶಿಸಿದರು. 1563ರಲ್ಲಿ ರೋಮಿನ ಅವರ ವಿದ್ಯಾಲಯದಲ್ಲಿ ಬೆಲ್ಜಿಯಂ ಪ್ರಾಂತದ ಜೀನ್ ಲ್ಯೂನಿಸ್ ಎಂಬ ತರುಣ ಅಧ್ಯಾಪಕನು ಕೆಲವು ವಿದ್ಯಾರ್ಥಿಗಳನ್ನು ಒಟ್ಟುಗೂಡಿಸಿ, ಮೇರಿಮಾತೆಯ ಹೆಸರಿನಲ್ಲಿ ‘ಸೊಡಾಲಿಟಿ’ ಎಂಬ ಸಂಘವನ್ನು ಆರಂಭಿಸಿದನು. ಪಾಠಗಳು ಮುಗಿದ ಮೇಲೆ ಕೂಡಿ ಪ್ರಾರ್ಥಿಸುವುದು, ದಿನದ ನಡತೆಯನ್ನು ತಾವೇ ವಿಮರ್ಶಿಸಿಕೊಳ್ಳುವುದು, ರೋಗಿಗಳನ್ನೂ ಬಡವರನ್ನೂ ಕಂಡು ನೆರವಾಗುವುದು ಇದರ ನಿಯಮಗಳಾಗಿದ್ದವು. ಸಂಘಕ್ಕೆ ಹಿರಿಯ ಗುರುವೊಬ್ಬನ ಮಾರ್ಗದರ್ಶನವಿದ್ದರೂ ಮುಖ್ಯಸ್ಥನೂ ಸಹಾಯಕರೂ ವಿದ್ಯಾರ್ಥಿಗಳೇ ಆಗಿರುತ್ತಿದ್ದರು. 1584ರಲ್ಲಿ ಪೋಪ್ ಹದಿಮೂರನೆಯ ಗ್ರೆಗರಿಯವರ ಮನ್ನಣೆ ದೊರೆತ ಮೇಲೆ ಇದು ಜೆಸ್ವಿತ್ ಶಾಲೆಗಳಲ್ಲೆಲ್ಲ ಹಬ್ಬಿತು. ಈ ಸಂಘಗಳ ವಿಶ್ವಸಂಸ್ಥೆ 1967ರಲ್ಲಿ ‘ಕ್ರೈಸ್ತ ಜೀವನ ಸಮುದಾಯ’ ಎಂಬ ಹೊಸ ಹೆಸರನ್ನು ತಳೆಯಿತು.

ವಿದ್ಯಾರ್ಥಿಗಳೇ ಮುಂದಾಳುಗಳಾದ ಮತ್ತೊಂದು ನಿದರ್ಶನ 1833ರದು. ಪ್ಯಾರಿಸ್ ನಗರದಲ್ಲಿ ಓದುತ್ತಿದ್ದ ಇಪ್ಪತ್ತು ವರ್ಷದ ಫ್ರೆಡರಿಕ್ ಓಜನಾಂ ಚರ್ಚಾಕೂಟಗಳಲ್ಲಿ ತನ್ನ ಧರ್ಮವನ್ನು ಸಮರ್ಥಿಸುತ್ತಿದ್ದಾಗ, ನಿಮ್ಮ ಧರ್ಮ ಹಿಂದೆ ಮಾಡಿದ್ದು ಇರಲಿ, ಇಂದು ನೀವು ಬಡವರಿಗಾಗಿ ಮಾಡುತ್ತಿರುವುದೇನು ಎಂಬ ಸವಾಲು ಎದುರಾಯಿತು. ವಾದದಿಂದ ಉತ್ತರಿಸದೆ ಆತನೂ ಕೆಲವು ಗೆಳೆಯರೂ ಬಡವರ ಮನೆಗಳಿಗೆ ಸ್ವತಃ ಹೋಗತೊಡಗಿದರು. ಸಂತ ವಿನ್ಸೆಂಟ್ ದೆ ಪಾಲ್ ಸಭೆ ಹುಟ್ಟಿದ್ದು ಹೀಗೆ. ಇಂದು ಅದು ಕರ್ನಾಟಕದ ಚರ್ಚುಗಳನ್ನೂ ಒಳಗೊಂಡು ಲೋಕದಾದ್ಯಂತ ಕೆಲಸ ಮಾಡುತ್ತಿದೆ.

ಮಂಗಳೂರಿನ ನಿದರ್ಶನ

ಕನ್ನಡನಾಡಿನಲ್ಲಿ ಈ ಪರಂಪರೆಯ ಪ್ರಮುಖ ಕೇಂದ್ರ ಮಂಗಳೂರು. 1878ರ ಡಿಸೆಂಬರ್ 31ರಂದು ಅಲ್ಲಿಗೆ ಬಂದಿಳಿದ ಜೆಸ್ವಿತರು 1880ರ ಜನವರಿಯಲ್ಲಿ ಸಂತ ಅಲೋಶಿಯಸ್ ಕಾಲೇಜನ್ನು ಆರಂಭಿಸಿದರು. ಆ ಸಂಸ್ಥೆ 2024ರಲ್ಲಿ ಪರಿಗಣಿತ ವಿಶ್ವವಿದ್ಯಾಲಯದ ಮಟ್ಟಕ್ಕೇರಿತು. ಬೆಂಗಳೂರಿನ ಸಂತ ಜೋಸೆಫರ ಕಾಲೇಜನ್ನು 1882ರಲ್ಲಿ ಫ್ರೆಂಚ್ ಪಾದ್ರಿಗಳು ಸ್ಥಾಪಿಸಿದರು; 1937ರಲ್ಲಿ ಅದು ಜೆಸ್ವಿತರ ಆಡಳಿತಕ್ಕೆ ಬಂದಿತು. ಹೆಣ್ಣುಮಕ್ಕಳಿಗಾಗಿ ಅಪೋಸ್ತಲಿಕ್ ಕಾರ್ಮೆಲ್ ಸಂಸ್ಥೆಯ ಸಿಸ್ಟರುಗಳು 1921ರಲ್ಲಿ ಮಂಗಳೂರಿನಲ್ಲಿ ಸಂತ ಆಗ್ನೆಸ್ ಕಾಲೇಜನ್ನು ತೆರೆದುದು ಕರಾವಳಿಯ ಸ್ತ್ರೀಶಿಕ್ಷಣದ ಚರಿತ್ರೆಯಲ್ಲಿ ಮಹತ್ವದ ಘಟನೆ.

ಮಂಗಳೂರಿನ ಕಾಲೇಜಿಗೆ ಅಲೋಶಿಯಸನ ಹೆಸರನ್ನಿಟ್ಟುದು ಅರ್ಥಪೂರ್ಣವಾಗಿದೆ. ಇಟಲಿಯ ಪಾಳೆಯಗಾರ ಮನೆತನದಲ್ಲಿ 1568ರಲ್ಲಿ ಹುಟ್ಟಿದ ಈತ ಹಿರಿಯ ಮಗನಾಗಿ ತನಗೆ ಬರಬೇಕಾಗಿದ್ದ ಸಂಸ್ಥಾನವನ್ನು ತೊರೆದು ಯೇಸುಸಭೆಯನ್ನು ಸೇರಿದನು. ರೋಮಿನಲ್ಲಿ ವಿದ್ಯಾರ್ಥಿಯಾಗಿದ್ದಾಗಲೇ ಸಾಂಕ್ರಾಮಿಕ ವ್ಯಾಧಿಗೆ ತುತ್ತಾದವರ ಸೇವೆಗೆ ನಿಂತು, ಅದೇ ವ್ಯಾಧಿ ತಗುಲಿ 1591ರಲ್ಲಿ ತನ್ನ ಇಪ್ಪತ್ತಮೂರನೆಯ ವಯಸ್ಸಿನಲ್ಲಿ ತೀರಿಕೊಂಡನು. ಕಾಲೇಜಿನ ಪ್ರಾರ್ಥನಾಮಂದಿರದ ಚಾವಣಿಯಲ್ಲಿ ಆಂಟೋನಿಯೊ ಮೊಸ್ಕೇನಿ ಎಂಬ ಕಲಾವಿದನು 1899ರಿಂದ 1901ರವರೆಗಿನ ಅವಧಿಯಲ್ಲಿ ಈತನ ಜೀವನಪ್ರಸಂಗಗಳನ್ನು ಚಿತ್ರಿಸಿದ್ದಾನೆ. ಪ್ರಾರ್ಥನೆಗೆ ಕುಳಿತ ಬಾಲಕನು ತಲೆಯೆತ್ತಿದರೆ ಕಾಣುವುದು ತನ್ನಂತೆಯೇ ವಿದ್ಯಾರ್ಥಿಯಾಗಿದ್ದವನೊಬ್ಬನ ಕಥೆ.

ಗುರುಗಳ ನಡೆಯೂ ಇದಕ್ಕೆ ಹೊಂದಿಕೆಯಾಗಿತ್ತು. ಜರ್ಮನಿಯಿಂದ ಬಂದು ಇದೇ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದ ಫಾದರ್ ಅಗಸ್ಟಸ್ ಮುಲ್ಲರ್ 1880ರಲ್ಲಿ ಬಡವರಿಗಾಗಿ ಹೋಮಿಯೋಪತಿ ಔಷಧಾಲಯವನ್ನು ಆರಂಭಿಸಿದರು. ಬಳಿಕ ಕುಷ್ಠರೋಗಿಗಳಿಗೂ ಆಶ್ರಯ ಕಲ್ಪಿಸಿದರು. ಇಂದು ಕಂಕನಾಡಿಯಲ್ಲಿರುವ ದೊಡ್ಡ ಆಸ್ಪತ್ರೆ ಆ ಬೀಜದಿಂದ ಬೆಳೆದ ವೃಕ್ಷ.

ನಿತ್ಯಜೀವನದ ಕ್ರಮ

ಕಥೋಲಿಕ ಶಾಲೆಯ ದಿನ ಪ್ರಾರ್ಥನೆಯಿಂದ ಆರಂಭವಾಗುತ್ತದೆ. ಹಲವೆಡೆ ಅದನ್ನು ನಡೆಸಿಕೊಡುವವರು ಸರದಿಯಂತೆ ವಿದ್ಯಾರ್ಥಿಗಳೇ. ತರಗತಿಗೊಬ್ಬ ನಾಯಕ, ಶಾಲೆಗೊಬ್ಬ ಮುಖ್ಯ ನಾಯಕ, ಆಟಕ್ಕೂ ಶಿಸ್ತಿಗೂ ಬೇರೆ ಬೇರೆ ತಂಡಗಳು ಇರುವುದು ವಾಡಿಕೆ. ಕಥೋಲಿಕ ಮಕ್ಕಳಿಗೆ ಧರ್ಮಬೋಧೆಯ ತರಗತಿ, ಬಲಿಪೂಜೆ, ವರ್ಷಕ್ಕೊಮ್ಮೆ ಮೌನದಲ್ಲಿ ಕಳೆಯುವ ಧ್ಯಾನದ ದಿನಗಳು ಉಂಟು. ಜೆಸ್ವಿತ್ ಸಂಪ್ರದಾಯದ ಒಂದು ವಿಶೇಷವೆಂದರೆ ಆತ್ಮಪರೀಕ್ಷೆ: ದಿನದ ಕೊನೆಯಲ್ಲಿ ಕ್ಷಣಕಾಲ ಸುಮ್ಮನೆ ಕುಳಿತು, ದೊರೆತುದಕ್ಕೆ ಕೃತಜ್ಞತೆ ಸಲ್ಲಿಸಿ, ತಪ್ಪಿದುದನ್ನು ಗುರುತಿಸಿ, ನಾಳೆಯ ನಡೆಯನ್ನು ನಿಶ್ಚಯಿಸಿಕೊಳ್ಳುವುದು.

ಇಪ್ಪತ್ತನೆಯ ಶತಮಾನದಲ್ಲಿ ಈ ಕ್ರಮಕ್ಕೆ ಹೊಸ ವಿಧಾನವೊಂದು ಕೂಡಿತು. ಬೆಲ್ಜಿಯಂ ದೇಶದ ಜೋಸೆಫ್ ಕಾರ್ಡಿನ್ ಎಂಬ ಪಾದ್ರಿ, ಕಾರ್ಖಾನೆಗಳಲ್ಲಿ ದುಡಿಯುವ ತರುಣರಿಗಾಗಿ ‘ನೋಡು, ವಿವೇಚಿಸು, ಮಾಡು’ ಎಂಬ ಮೂರು ಹೆಜ್ಜೆಗಳನ್ನು ರೂಪಿಸಿದರು. ಕ್ರೈಸ್ತ ವಿದ್ಯಾರ್ಥಿ ಸಂಘಟನೆಗಳು ಅದನ್ನೇ ಅಳವಡಿಸಿಕೊಂಡವು. ತರಗತಿಯ ಹಿಂದಿನ ಸಾಲಿನ ಹುಡುಗನೊಬ್ಬ ಪದೇ ಪದೇ ಗೈರುಹಾಜರಾಗುತ್ತಿದ್ದಾನೆಂದು ಭಾವಿಸೋಣ. ಅವನ ಮನೆಗೆ ಹೋಗಿ ಕಾರಣವನ್ನು ತಿಳಿಯುವುದು ‘ನೋಡು’. ಅದು ಸೋಮಾರಿತನವೋ, ತಂದೆಯ ಸಾಲವೋ, ಶಾಲೆಯಲ್ಲೇ ಆದ ಅವಮಾನವೋ ಎಂದು ಧರ್ಮದ ಬೆಳಕಿನಲ್ಲಿ ತೂಗುವುದು ‘ವಿವೇಚಿಸು’. ಪುಸ್ತಕ ಹೊಂದಿಸುವುದೋ, ಪಾಠ ಹೇಳಿಕೊಡುವುದೋ, ಅವಮಾನಿಸಿದವರಿಂದ ಕ್ಷಮೆ ಕೇಳಿಸುವುದೋ ‘ಮಾಡು’. ನೋಡದೆ ಮಾಡಿದರೆ ಅದು ಹಮ್ಮು. ನೋಡಿಯೂ ಮಾಡದಿದ್ದರೆ ಬರಿಯ ಕನಿಕರ. 1961ರಲ್ಲಿ ಪೋಪ್ ಇಪ್ಪತ್ತಮೂರನೆಯ ಜಾನರು ತಮ್ಮ ಪರಿಪತ್ರದಲ್ಲಿ ಈ ವಿಧಾನವನ್ನು ಎತ್ತಿಹಿಡಿದರು.

ಎರಡು ಕಠಿಣ ಪ್ರಶ್ನೆಗಳು

ಭಾರತದ ಕಥೋಲಿಕ ಶಾಲೆಗಳಲ್ಲಿ ಅನ್ಯಮತೀಯರ ಮಕ್ಕಳೂ ಬಹುಸಂಖ್ಯೆಯಲ್ಲಿ ಓದುತ್ತಾರೆ. ಸಂವಿಧಾನದ 30ನೆಯ ವಿಧಿ ಅಲ್ಪಸಂಖ್ಯಾತರಿಗೆ ತಮ್ಮ ಶಾಲೆಗಳನ್ನು ನಡೆಸುವ ಹಕ್ಕನ್ನು ಕೊಟ್ಟಿದೆ. ಸರಕಾರದ ಮಾನ್ಯತೆ ಅಥವಾ ಅನುದಾನ ಪಡೆದ ಶಾಲೆಯಲ್ಲಿ, ವಿದ್ಯಾರ್ಥಿಯ ಒಪ್ಪಿಗೆಯಿಲ್ಲದೆ, ಆತ ಅಪ್ರಾಪ್ತನಾದರೆ ಪೋಷಕರ ಒಪ್ಪಿಗೆಯಿಲ್ಲದೆ, ಮತಬೋಧೆಗಾಗಲಿ ಉಪಾಸನೆಗಾಗಲಿ ಅವನನ್ನು ಕೂರಿಸುವಂತಿಲ್ಲವೆಂದು 28ನೆಯ ವಿಧಿ ವಿಧಿಸಿದೆ. ಆದುದರಿಂದ ಕಥೋಲಿಕರಿಗೆ ಧರ್ಮಬೋಧೆ ನಡೆಯುವ ವೇಳೆಯಲ್ಲಿ ಉಳಿದವರಿಗೆ ನೀತಿಪಾಠ ನಡೆಸುವ ಪದ್ಧತಿ ರೂಢಿಗೆ ಬಂದಿತು. ಕಾನೂನಿನ ದೃಷ್ಟಿಯಿಂದ ಇದು ಸಾಕಾದೀತು; ಸಹಜೀವನದ ದೃಷ್ಟಿಯಿಂದ ಸಾಲದು. ಬೇರೆ ಕೊಠಡಿಗೆ ಎದ್ದುಹೋಗುವ ಮಗು ತಾನು ಹೊರಗಿನವನೆಂದು ಭಾವಿಸಬಾರದು. ನಾಯಕನ ಆಯ್ಕೆಯಲ್ಲಿ ಮತವು ಅಡ್ಡ ಬರದಿರುವುದು, ಸೇವಾಕಾರ್ಯದಲ್ಲಿ ಎಲ್ಲರೂ ಸಮವಾಗಿ ಹೆಗಲು ಕೊಡುವುದು ಇದಕ್ಕೆ ಪರಿಹಾರ. ಪೂಜೆಯಲ್ಲಿ ಬೇರೆಯಾದವರು ಸೇವೆಯಲ್ಲಿ ಒಂದಾಗಬಲ್ಲರು.

ಎರಡನೆಯ ಪ್ರಶ್ನೆ ಇನ್ನೂ ಆಳವಾದುದು. 1973ರಲ್ಲಿ ಸ್ಪೇನ್ ದೇಶದ ವಲೆನ್ಸಿಯಾ ನಗರದಲ್ಲಿ ಜೆಸ್ವಿತ್ ಶಾಲೆಗಳ ಯುರೋಪಿನ ಹಳೆಯ ವಿದ್ಯಾರ್ಥಿಗಳು ಸಮಾವೇಶಗೊಂಡಿದ್ದರು. ಯೇಸುಸಭೆಯ ಮಹಾಧಿಪತಿ ಪೆಡ್ರೊ ಅರೂಪೆಯವರಿಂದ ಪ್ರಶಂಸೆಯನ್ನು ನಿರೀಕ್ಷಿಸಿದ್ದ ಆ ಸಭೆಗೆ ಅವರು ಕೇಳಿದ್ದು, ನಮ್ಮ ಶಾಲೆಗಳು ನಿಮ್ಮನ್ನು ನ್ಯಾಯಕ್ಕಾಗಿ ಬಾಳುವವರನ್ನಾಗಿ ಮಾಡಿದವೇ ಎಂದು. ಮಾಡಲಿಲ್ಲವೆಂಬ ಉತ್ತರವನ್ನು ವಿನಯದಿಂದ ತಾವೇ ಒಪ್ಪಿಕೊಂಡು, ಇನ್ನು ಮುಂದೆ ಪರರಿಗಾಗಿ ಬಾಳುವವರನ್ನು ರೂಪಿಸುವುದೇ ಶಿಕ್ಷಣದ ಗುರಿಯೆಂದು ಸಾರಿದರು. ಪ್ರತಿಷ್ಠಿತ ಕುಟುಂಬಗಳಿಂದ ಬಂದಿದ್ದ ಹಲವರಿಗೆ ಈ ಮಾತು ರುಚಿಸಲಿಲ್ಲ. ಆದರೂ ಮುಂದೆ ಜಗತ್ತಿನ ಜೆಸ್ವಿತ್ ಶಾಲೆಗಳೆಲ್ಲಕ್ಕೂ ಅದೇ ಧ್ಯೇಯವಾಕ್ಯವಾಯಿತು. ದಾನಿಗಳೂ ಹಳೆಯ ವಿದ್ಯಾರ್ಥಿಗಳೂ ಕುಳಿತ ಸಭೆಯಲ್ಲಿ ಸಂಸ್ಥೆಯ ಹಿರಿಯರು ಇಂತಹ ಮಾತನ್ನಾಡುವುದಕ್ಕೆ ಧೈರ್ಯ ಬೇಕು. ಕೇಳಿ ಅರಗಿಸಿಕೊಳ್ಳುವುದಕ್ಕೂ ಬೇಕು.

ಸಾರಾಂಶ

ವಿದ್ಯಾರ್ಥಿ ನಾಯಕತ್ವವೆಂದರೆ ಎದೆಯ ಮೇಲಿನ ಬಿಲ್ಲೆಯಲ್ಲ. ಪಂಕ್ತಿಯಲ್ಲಿ ಕಡೆಯವನಾಗಿ ಕುಳಿತುಕೊಳ್ಳುವವನಾರು, ಜ್ವರ ಬಂದ ಸಹಪಾಠಿಯ ಬಳಿ ರಾತ್ರಿ ಎಚ್ಚರವಿರುವವನಾರು ಎಂಬುದರಿಂದ ನಾಯಕನನ್ನು ಗುರುತಿಸಬೇಕು. ಕಥೋಲಿಕ ಪರಂಪರೆ ಇದನ್ನು ಸೇವೆಯೆಂದು ಕರೆದರೆ, ಶರಣರ ಪರಂಪರೆ ಕಾಯಕ, ದಾಸೋಹಗಳೆಂದು ಕರೆಯಿತು. ತತ್ತ್ವಗಳಲ್ಲಿ ಭೇದವಿರಬಹುದು, ಹಸಿದ ಮಗುವಿನ ಮುಂದೆ ಇಟ್ಟ ಎಲೆಯಲ್ಲಿ ಭೇದವಿಲ್ಲ. ಒಂದು ಸಂಸ್ಥೆಯ ಹಿರಿಮೆಯನ್ನು ಅದರ ಕಟ್ಟಡಗಳಿಗಿಂತ, ಅಲ್ಲಿಂದ ಹೊರಬಂದವರು ಇಪ್ಪತ್ತು ವರ್ಷಗಳ ಬಳಿಕ ಯಾರಿಗಾಗಿ ದುಡಿಯುತ್ತಿದ್ದಾರೆ ಎಂಬುದರಿಂದ ಅಳೆಯುವುದು ಯುಕ್ತ. ಅರೂಪೆಯವರ ಪ್ರಶ್ನೆಯನ್ನು ಪ್ರತಿಯೊಂದು ವಿದ್ಯಾಸಂಸ್ಥೆಯೂ ವರ್ಷಕ್ಕೊಮ್ಮೆ ತನಗೆ ತಾನೇ ಹಾಕಿಕೊಂಡರೆ ನಾಡಿಗೆ ಶ್ರೇಯಸ್ಸು.